ಧಪ್, ಉಸ್, ಉಸ್

ಜುಲೈ. ಪೋರ್ಟ್ ಕೆಂಬ್ಲಾದಲ್ಲಿ ಐದಕ್ಕೇ ಕತ್ತಲು.
ಉಕ್ಕಿನ ಕಾರ್ಖಾನೆಯ ಜ್ವಾಲೆ ಮೋಡಕ್ಕೆ ಅಂಟಿಕೊಂಡಿದೆ.
ಬ್ಲಾಗೊಯನ ಶೆಡ್ಡಿನ ತಗಡು ಕಡಲ ಗಾಳಿಗೆ
ಹಲ್ಲು ಕಡಿಯುತ್ತದೆ.
ಪ್ಲಗ್ ಬಿಚ್ಚಿದ ತೂತಿಗೆ ಗೇಜು ಸಿಕ್ಕಿಸಿ
"ತಿರುಗಿಸು" ಅಂದ.
ಕೀಲಿ ತಿರುಗಿಸಿದೆ.

ಮುಂದಿನ ರೋಟರು: ಧಪ್ ಧಪ್ ಧಪ್.
ಹಿಂದಿನದು: ಧಪ್,
ಆಮೇಲೆ ಮೆಟ್ಟಿಲ ನಡುವೆ ನಿಂತ ಮುದುಕಿಯ ಹಾಗೆ
ಉಸ್, ಉಸ್.
ಅವನು ಮೂರು ಬೆರಳೆತ್ತಿ ಎರಡನ್ನು ಮಡಚಿದ.
"ಸವೆದದ್ದು ಒಂದೇ ತುದಿ. ಆದರೆ ಅದು ನಡುಗೋಡೆ ನೋಡು,
ಆಚೆ ಮನೆಯೂ ಸೋರುತ್ತೆ, ಈಚೆ ಮನೆಯೂ."

ನನಗೆ ಗೊತ್ತಿತ್ತು.
ತಣ್ಣಗಿದ್ದಾಗ ಹೊರಡುವ ಕಾರು
ಕಾದ ಮೇಲೆ ಹಟ ಹಿಡಿಯುತ್ತಿತ್ತು.
ಪೆಟ್ರೋಲ್ ಬಂಕಿನಲ್ಲಿ ಬಾನೆಟ್ ಎತ್ತಿ ಇಪ್ಪತ್ತು ನಿಮಿಷ
ನಾನೇ ಏನೋ ಹುಡುಕುತ್ತಿರುವಂತೆ ನಟಿಸಿದ್ದೇನೆ.
ಹಗಲೆಲ್ಲ ಸರ್ಕಾರಿ ಬಸ್ಸು ಓಡಿಸುವವಳು,
ಯೂನಿಫಾರ್ಮಿನಲ್ಲೇ.

ಮೀನಂಗಡಿಯ ಕ್ಯಾಲೆಂಡರ್ ಹರಿದು ಹಿಂಬದಿಗೆ ಲೆಕ್ಕ ಬರೆದ.
ಬಿಚ್ಚಿ ಕಟ್ಟಿದರೆ ಎಂಟು ಸಾವಿರ,
ಒಳಗೋಡೆಯ ಕ್ರೋಮ್ ಸಿಪ್ಪೆಯೆದ್ದಿದ್ದರೆ ಇನ್ನೂ ನಾಲ್ಕು,
ಅದು ಬಿಚ್ಚುವ ತನಕ ದೇವರಿಗೂ ತಿಳಿಯದು.
ಬದಲಿಸಿದರೆ, ಡಿಕ್ಕಿ ಹೊಡೆದ ಯೂಟ್ ಒಂದರ ವಿ-ಎಂಟು,
ಐದೂವರೆ, ಮೇಲೆ ಎಂಜಿನಿಯರನ ಸರ್ಟಿಫಿಕೇಟು.
"ನಿನ್ನ ಮೊಮ್ಮಕ್ಕಳೂ ಓಡಿಸಬಹುದು. ಎಣ್ಣೆ ಕೇಳೋದಿಲ್ಲ."

ಆ ವಿ-ಎಂಟು ಎಂಟು ಒನಕೆಗಳ ಕೊಟ್ಟಣ.
ಇದು ಒರಳು: ಗುಂಡು ತಿರುಗುತ್ತ
ಗೋಡೆ ಸವರುತ್ತ, ಎಲ್ಲೂ ನಿಲ್ಲದೆ.
ಗುಬ್ಬಿಯ ಚಿಕ್ಕಮ್ಮನ ರುಬ್ಬುವ ಕಲ್ಲು ನುಣುಪಾದಾಗ
ಸೈಕಲ್ಲಿನಲ್ಲಿ ಉಳಿ ಸುತ್ತಿಗೆ ತಂದವನು ಅಂಗಳದಲ್ಲಿ ಕೂತು
ಕಟಕಟ ಹೊಡೆದುಕೊಟ್ಟಿದ್ದ.
ಒಂದು ವಾರ ಚಟ್ನಿಯಲ್ಲಿ ಕಲ್ಲುಪುಡಿ,
ಬೈದುಕೊಂಡೇ ತಿಂದೆವು.
ಆಮೇಲೆ ಮಿಕ್ಸಿ ಬಂತು.
ಒರಳು ಹಿತ್ತಲಲ್ಲಿ ನಾಯಿಗೆ ನೀರಿಡುವ ಬಾನಿಯಾಯಿತು.
ಚಿಕ್ಕಮ್ಮನಿಗೆ ಮಾತ್ರ ಖುಷಿಯೋ ಖುಷಿ, ಅದನ್ನೂ ಹೇಳಬೇಕು:
ಅವಳ ಭುಜ ಅವಳದಾಯಿತು.

"ನಿನ್ನ ಸೊಂಟ?" ಕೇಳಿದೆ.
"ಬದಲಿಸಿದರು. ಕಟ್ಟೋದಕ್ಕೆ ಎಲುಬೆಲ್ಲಿ ಉಳಿದಿತ್ತು?
ಚೆನ್ನಾಗಿದೆ. ಕ್ರಿಂಗಿಲಾ ಗುಡ್ಡ ಹತ್ತುತ್ತೀನಿ.
ಮದುವೆಮನೆಯಲ್ಲಿ ಕುಣಿಯುವಾಗ ಮಾತ್ರ
ಮೊದಲು ಯಾವ ಕಾಲು ಅಂತ
ಪಕ್ಕದವರನ್ನು ನೋಡಬೇಕು."

ಡ್ಯಾಶಿನ ಪೆಟ್ಟಿಗೆಯಲ್ಲಿ ಗ್ಲೆನಿಸಳ ನೋಟುಬುಕ್ಕು.
ಹುಣಸೆಹಣ್ಣಿನ ಬಣ್ಣದ ಈ ಕಾರನ್ನು ನನಗೆ ಮಾರುವಾಗ
"ಅದೂ ಜೊತೆಗೇ ಇರಲಿ" ಅಂದಿದ್ದಳು.
ಸೀಸದ ಕಡ್ಡಿಯಲ್ಲಿ ಇಪ್ಪತ್ತಾರು ವರ್ಷ:
ಎಣ್ಣೆ ಅರ್ಧ ಲೀಟರ್. ಎಣ್ಣೆ ಅರ್ಧ ಲೀಟರ್.
ಬುಲ್ಲಿ ಘಟ್ಟ, ಮಂಜು, ಎಣ್ಣೆ ಅರ್ಧ ಲೀಟರ್.
ಒಂದು ಕಡೆ, ತೊಂಬತ್ತೊಂದರ ಮಾರ್ಚಿನಲ್ಲಿ,
ಕಿಲೋಮೀಟರಿನ ಪಕ್ಕ ಒಂದೇ ಪದ: ಒಬ್ಬಳೇ.
ಅದರ ಕೆಳಗೆ ಮತ್ತೆ ಎಣ್ಣೆ.

ಯಾರ ಲೆಕ್ಕದಲ್ಲೂ ಇದು ಲಾಭವಲ್ಲ.
ನನ್ನ ಗಂಡ ಕೊರೊಲ್ಲಾ ಅನ್ನುತ್ತಾನೆ,
ಅವನು ಹೇಳುವುದೂ ಸರಿಯೇ.
ಏಳು ಸಾವಿರ ಸುತ್ತಿಗೆ ಅದರ ಗಂಟಲು
ಕೊಡದಲ್ಲಿ ಸಿಕ್ಕ ಜೇನಿನಂತೆ ಗುಂಯ್ ಅನ್ನುವಾಗ
ನನ್ನ ಬೆನ್ನಹುರಿಗೆ ಏನಾಗುತ್ತದೆಂದು
ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲಿ ಬರೆಯಲಿ?

"ಬಿಚ್ಚು" ಅಂದೆ.
"ಬಿಚ್ಚಿದರೆ ದುಡ್ಡು ಶುರು. ಕ್ರೋಮ್ ಹೋಗಿದ್ದರೆ?"
ಒರಳಲ್ಲಿ ತಲೆಯಿಟ್ಟವಳಿಗೆ
ಒನಕೆಯ ಭಯವೇ, ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಹೋಗಿ
ಎಡವಟ್ಟಾಯಿತು. ಅವನಿಗೆ ಕೇಳಿಸಿದ್ದು ತಲೆ ಮತ್ತು ಕಲ್ಲು.
"ನಮ್ಮಲ್ಲೂ ಅಂಥದ್ದೊಂದು ಇದೆ" ಅಂದ, ಹೇಳಲಿಲ್ಲ,
ಸ್ಪ್ಯಾನರು ಹುಡುಕಲು ಹೋದ.

ನಾನೇ ಓಡಿಸುವ ರೂಟಿನ ಬಸ್ಸಿನಲ್ಲಿ
ಪ್ರಯಾಣಿಕಳಾಗಿ ಕೂತು ಮನೆಗೆ ಹೊರಟೆ.
ಡ್ರೈವರು ಗುರುತು ಹಿಡಿದು ನಕ್ಕ. ತೊಡೆಯ ಮೇಲೆ ನೋಟುಬುಕ್ಕು.
ಗ್ಲೆನಿಸಳ ಕೊನೆಯ ಸಾಲಿನ ಕೆಳಗೆ, ಪೆನ್ನಿನಲ್ಲಿ, ತಾರೀಕು ಹಾಕಿ:
ಇವತ್ತು ಎಣ್ಣೆ ಇಲ್ಲ. ಬಿಚ್ಚಿದ್ದೇವೆ.