ಎರಡು ಮಡಿಕೆ, ಆರು ಮುಖ

ಎರಡು ಮಡಿಕೆ, ಆರು ಮುಖ, ಮುಖಕ್ಕೆ ನಲವತ್ತು ಪದ.
ಇಷ್ಟರಲ್ಲಿ ಎಂಟುನೂರು ವರ್ಷ ಹಿಡಿಸಬೇಕು
ಎಂದು ಇಲಾಖೆಯ ಪತ್ರ. ಕೆಳಗೆ ಹಸಿರು ಸಹಿ.

ಹಾಸನದಲ್ಲಿ, ಸೈಕಲ್ ಅಂಗಡಿಯ ಮೇಲೆ ನಮ್ಮ ಪ್ರೆಸ್ಸು.
ಬಂದ ಒಕ್ಕಣೆಯಲ್ಲಿ 'ಕಣ್ಮನ ಸೆಳೆಯುವ' ಏಳು ಸಲ.
ಕೇಳದೆ ಐದನ್ನು ಕಿತ್ತೆ.
ಖಾಲಿಯಾದ ಜಾಗದಲ್ಲಿ
ಕುಡಿಯುವ ನೀರು ಎಲ್ಲಿ ಸಿಗುತ್ತದೆಂದು ಬರೆದೆ.

ಕೊರವಂಗಲ, ಮೊಸಳೆ, ದೊಡ್ಡಗದ್ದವಳ್ಳಿ,
ಆಮೇಲೆ ಯಾರೂ ಹೋಗದ ಸೀಗೆಬಾವಿ:
ನಾಲ್ಕೂರನ್ನು ಕೂಡಿಸಿ ಚುಕ್ಕಿಗೆರೆ ಎಳೆದೆ.
ನಕ್ಷೆಯಲ್ಲಿ ಹೆಬ್ಬೆರಳಗಲ ದಾರಿ,
ಬೈಕಿನಲ್ಲಿ ಹೋದಾಗ ಬೆನ್ನು ನೋಯಿಸಿದ ದಾರಿ.
'ಅಳತೆಗೆ ತಕ್ಕಂತಿಲ್ಲ' ಎಂದು ಮೂಲೆಯಲ್ಲಿ ಸೇರಿಸಿದೆ,
ಸಣ್ಣಕ್ಷರದಲ್ಲಿ.

ಫಣೀಶನ ಫೋಟೋಗಳು ಬಂದವು.
ಕರೆಂಟ್ ತಂತಿ ತೆಗಿ ಅಂದರು, ತೆಗೆದೆ.
ಜಗತಿಯ ಮೇಲೆ ಒಣಹಾಕಿದ್ದ ಹುರುಳಿ ತೆಗಿ ಅಂದರು.
ಮೆಟ್ಟಿಲ ಮೇಲಿನ ಹುಡುಗನನ್ನೂ.
ಹುಡುಗ ಹೋದ, ನೆರಳು ಉಳಿಯಿತು.
ಕಾಣಲಿಲ್ಲ ನನಗೆ.
ಐದು ಸಾವಿರ ಪ್ರತಿಯಲ್ಲಿ ಈಗಲೂ
ಯಾರದೂ ಅಲ್ಲದ ಒಂದು ನೆರಳು
ಗುಡಿಯೊಳಕ್ಕೆ ಹೋಗುತ್ತಿದೆ.

ಮಡಿಸಿದಾಗ ಗೆರೆ ನೇರ
ದ್ವಾರಪಾಲಕನ ಮೂಗಿನ ಮೇಲೆ ಬಿತ್ತು.
'ಮೂಗು ಹೋಯ್ತಲ್ಲಪ್ಪ' ಅಂದರು ಇನಾಯತ್ ಸಾಬರು.
ಭೂತಗನ್ನಡಿ ಹಿಡಿದು ನೋಡಿದೆವು.
ಮೂಗು ಮೊದಲೂ ಇರಲಿಲ್ಲ.

ಆರನೆಯ ಮುಖದ ಕೊನೆಗೆ ಒಂದೇ ಸಾಲು ನನ್ನದು:
'ಬೀಗದ ಕೈ ಚೆಲುವಾಜಮ್ಮನವರ ಬಳಿ. ಫೋನ್ ಮಾಡಿ.
ಹೊಲದಲ್ಲಿದ್ದರೆ ಸ್ವಲ್ಪ ಕಾಯಿರಿ.'
ಅಂಕಿಗಳು ಕನ್ನಡದಲ್ಲೇ ಇರಬೇಕೆಂದು ಮೇಲಿನವರ ಅಪ್ಪಣೆ.
ಇರಲಿ, ಒಳ್ಳೆಯದೇ.
ನಮ್ಮ ಆರಕ್ಕೂ ಒಂಬತ್ತಕ್ಕೂ
ಬಾಲದ ತಿರುವಷ್ಟೇ ಬೇರೆ.

ಆಲೂಗಡ್ಡೆ ಮಂಡಿಗೆ ಬಂದವಳು ಪ್ರೆಸ್ಸಿನ ಮೆಟ್ಟಿಲು ಹತ್ತಿದಳು,
ಸೆರಗಿನ ತುದಿಯಲ್ಲಿ ಗಂಟು, ಗಂಟಿನಲ್ಲಿ ಬೀಗದ ಕೈ.
'ಪುಸ್ತಕ ಅಚ್ಚಾಗಿ ಎರಡು ತಿಂಗಳಾಯ್ತಂತೆ,
ಒಬ್ಬರೂ ಫೋನ್ ಮಾಡಾಕಿಲ್ಲ. ದಿನಾ ಗುಡಿಸಿ ಕಾಯ್ತೀನಿ.'
ಪ್ರತಿ ಕೊಟ್ಟೆ. ಓದು ಬಾರದು ಅವಳಿಗೆ,
ತನ್ನ ನಂಬರು ಬರುತ್ತದೆ.
ಬೆರಳಿಟ್ಟು ಸಾಗಿದಳು, ನಾಲ್ಕನೆಯ ಅಂಕಿಗೆ ನಿಂತಳು.
'ಇದು ನಂದಲ್ಲ' ಅಂದಳು.
ಟೇಬಲ್ಲಿನ ಧೂಳಿನ ಮೇಲೆ ಒಂಬತ್ತು ಬರೆದು ತೋರಿಸಿದಳು.

ಮರುಮುದ್ರಣಕ್ಕೆ ದುಡ್ಡಿಲ್ಲ ಎಂದಿತು ಇಲಾಖೆ.
ತಪ್ಪು ನನ್ನದು, ಪೆನ್ನೂ ನನ್ನದೇ.
ಉಳಿದ ಕಟ್ಟುಗಳನ್ನು ಬಿಚ್ಚಿ ಕೂತೆ.
ಮೊದಲ ನೂರಕ್ಕೆ ನಾಚಿಕೆ, ಐನೂರಕ್ಕೆ ಕೈನೋವು,
ಸಾವಿರ ದಾಟಿದ ಮೇಲೆ ಏನೂ ಇಲ್ಲ,
ಒಂದು ತಿರುವು, ಮತ್ತೊಂದು ಹಾಳೆ.
ಒಂದು ಕಟ್ಟಿನಷ್ಟು ಹೊತ್ತು ಅವಳೂ ಕೂತಳು.
ಅವಳ ಬಾಲಗಳು ನನ್ನವಕ್ಕಿಂತ ದುಂಡಗಿವೆ.
ಕಡೆಯ ಬಸ್ಸಿಗೆ ಎದ್ದಳು.

ಬೇಲೂರಿಗೆ ಹೋಗಿಬಿಟ್ಟ ನಾನೂರು ಪ್ರತಿ ವಾಪಸಾಗಲಿಲ್ಲ.
ಆ ಆರರ ನಂಬರು ಯಾರದೆಂದು ತಡೆಯಲಾರದೆ ಹಚ್ಚಿದೆ.
ಅರಸೀಕೆರೆ, ಪಂಪ್‌ಸೆಟ್ ರಿಪೇರಿ ಓಂಕಾರಪ್ಪ.
ಹಿಂದೆ ಮೋಟರಿನ ಸದ್ದು.
ನಾನು ಬಾಯಿ ತೆರೆಯುವ ಮೊದಲೇ ಅಂದರು:
'ಗುಡಿ ಬೀಗನಾ? ಆರಲ್ಲ ಸ್ವಾಮಿ, ಒಂಬತ್ತು ಒತ್ತಿ.
ಮೂರು ಗಂಟೆ ಮೇಲೆ ಹೋಗಿ,
ಆಗ ಬಿಸಿಲು ಒಳಗಿನವರೆಗೂ ಬರುತ್ತಂತೆ.
ಹೋಗಿ ಬಂದವರು ಹೇಳಿದರು.
ನಾನು ನೋಡಿಲ್ಲ.'