ಚಕ್ಕುಬಂದಿ

ಉತ್ತರಕ್ಕೆ: ಯೂಲಲೀ ಸೊನ್ಯೇಯ ಕಲ್ಲುಗೋಡೆ, ಅರ್ಧ ಬಿದ್ದದ್ದು.
ಅರ್ಧ ನಿಂತದ್ದು ಅಂತ ಬರಿ, ಎಂದಳು ಮುದುಕಿ
ಬಾಗಿಲಿಗೆ ಒರಗಿ, ಎಂಬತ್ತಾರನೆಯ ಪ್ರಾಯದಲ್ಲಿ.
ಹಾಗೇ ಬರೆದೆ.

ನೋವಾ ಸ್ಕೋಷಿಯಾದ ಈ ಫ್ರೆಂಚ್ ಮಾತಿನ ದಂಡೆಯನ್ನು
ಮೂವತ್ತೊಂದು ವರ್ಷ ಅಳೆದಿದ್ದೇನೆ,
ಹೆಚ್ಚಾಗಿ ಕಡಿಯುವವರ ಕೂಲಿಗೆ.
ನಾನು ಕೆಂಪು ರಿಬ್ಬನ್ ಕಟ್ಟಿದ ಮರ
ಮುಂದಿನ ಬೇಸಿಗೆಯಷ್ಟರಲ್ಲಿ
ಯಾರದೋ ಕಿಟಕಿಯೊಳಗಿನ ಕಡಲಾಗುತ್ತಿತ್ತು.
ಈ ಸಲ ಗಂಟು ಹಾಕುವಾಗ
ಇದು ಬೇರೆ ಥರದ ರಿಬ್ಬನ್ ಎಂದು
ಸ್ಪ್ರೂಸ್ ಮರಕ್ಕೆ ಹೇಳಬೇಕೆನಿಸಿತು.
ಹೇಳಲಿಲ್ಲ. ಮರದೊಡನೆ ಮಾತಾಡುವ ಪೈಕಿ ಅಲ್ಲ ನಾನು.

ಪೂರ್ವಕ್ಕೆ: ಸರ್ಕಾರಿ ರಸ್ತೆ.
ರಸ್ತೆಯಾಚೆ ಬೆಂಕಿ ನಂದಿಸುವವರ ಶೆಡ್ಡು, ಅದರ ಅಡುಗೆಮನೆ.
ಪತ್ರದಲ್ಲಿ ಅಡುಗೆಮನೆ ಬರುವುದಿಲ್ಲ, ಗೊತ್ತು.
ಆದರೂ ಹನ್ನೊಂದು ಎಕರೆ ಬೆಂದದ್ದು ಅಲ್ಲೇ:
ಎರಡು ಚಳಿಗಾಲ, ಶನಿವಾರ ಶನಿವಾರ,
ತುರಿದ ಆಲೂಗಡ್ಡೆಯ ರಾಪ್ಯೂರ್, ತಟ್ಟೆಗೆ ಹನ್ನೆರಡು ಡಾಲರ್.
ಏಳು ತಟ್ಟೆ ಕೂಡಿದರೆ ಒಂದು ಬರ್ಚ್ ಮರ,
ನೂರು ಕೂಡಿದರೆ ಕಪ್ಪೆಗಳ ಒಂದು ಹೊಂಡ,
ಹೀಗೆ ಲೆಕ್ಕ ಹಾಕುತ್ತಿದ್ದರು ಮಕ್ಕಳು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ.
ದೆಲ್ಫಿನ್ ದೊಸೆ ತುರಿದೂ ತುರಿದೂ
ಬೆರಳಿನ ತುದಿಯನ್ನೇ ದಾನ ಕೊಟ್ಟ. ರಸೀದಿ ಕೇಳಿದ.

ಬಿಡಿಗಾಸು ಕೊಡದವನು ದೋಣಿಯ ರೊಝೇರ್.
ಕಾಡು ಯಾರ ಹೊಟ್ಟೆ ತುಂಬಿಸಿದೆ, ಎಂದ.
ಲಾಬ್‌ಸ್ಟರ್ ಬುಟ್ಟಿ ಹೇರಿಕೊಂಡು ಮಬ್ಬಿನಲ್ಲಿ ಮರಳುವಾಗ
ಇಗರ್ಜಿಯ ಮೊನೆಯನ್ನು ಈ ಕಾಡಿನ ತಲೆಗೆ ಹೊಂದಿಸಿಯೇ
ನೀರೊಳಗಿನ ಬಂಡೆ ತಪ್ಪಿಸುತ್ತಾನೆ ದಿನಾ.
ಈಗಲೂ ಕೊಟ್ಟಿಲ್ಲ.
ಈಗಲೂ ತಪ್ಪಿಸುತ್ತಾನೆ.

ದಕ್ಷಿಣಕ್ಕೆ: ತೊರೆ, ಚಹಾದ ಬಣ್ಣದ್ದು.
ಅದರ ಕೆಸರಂಚಿನ ಆ್ಯಶ್ ಮರ ಸೀಳಿ
ಬುಟ್ಟಿ ಹೆಣೆಯುವ ಮಿಗ್‌ಮಾ ಹೆಂಗಸು ಥೆರೆಸಾ ಗ್ಲೋಡ್
ಮೇಜಿನ ಮೇಲೆ ಹರಡಿದ್ದ ನಕ್ಷೆ ನೋಡಿ ಕೇಳಿದಳು:
ಕೊಂಡುಕೊಂಡಿರಾ? ಒಳ್ಳೆಯದು. ಯಾರಿಂದ?
ಸಭೆಯವರೆಲ್ಲ ತಂತಮ್ಮ ಕಾಫಿಯ ತಳದಲ್ಲಿ
ಏನನ್ನೋ ಹುಡುಕತೊಡಗಿದರು.
ಅವಳೂ ಅವಳ ಪೀಳಿಗೆಯೂ ಯಾರನ್ನೂ ಕೇಳದೆ
ಆ್ಯಶ್ ಕಡಿಯಬಹುದೆಂದು ಐದನೆಯ ಕಲಮು ಸೇರಿತು.
ಅದು ಉತ್ತರವಲ್ಲ, ಕಲಮು.
ಅವಳು ಓದಿ, ಮಡಚಿ, ಬುಟ್ಟಿಗೆ ಹಾಕಿಕೊಂಡಳು.

ಪಶ್ಚಿಮಕ್ಕೆ: ಕಡಲು.
ಇಲ್ಲಿ ನನ್ನ ವಿದ್ಯೆ ಸೋತಿತು.
ಭರತದ ಮಾಮೂಲು ಗೆರೆ ಎಂದು ಬರೆಯುವುದು ವಾಡಿಕೆ,
ಗೆರೆಗೇನು ಗೊತ್ತು ವಾಡಿಕೆ?
ಸರಳು ನೆಟ್ಟರೆ ಮುಂದಿನ ಬಿರುಗಾಳಿ ಕಿತ್ತು
ಹಲ್ಲುಕಡ್ಡಿ ಮಾಡಿಕೊಳ್ಳುತ್ತದೆ.
ವರ್ಷಕ್ಕೆ ಎರಡು ಮೊಳ ನುಂಗುತ್ತಿದೆ ನೀರು.
ನೋಟರಿ ಅತ್ತ ಬೆಚ್ಚಗಿನ ಕೋಣೆಯಲ್ಲಿ ಕೂತು
ಆಚಂದ್ರಾರ್ಕ, ಎಂದು ಟೈಪು ಮಾಡುತ್ತಿದ್ದ.
ನಾನಿತ್ತ ಸಿಗರೇಟಿನ ಪೊಟ್ಟಣದ ಬೆನ್ನಿಗೆ ಭಾಗಿಸಿ ನೋಡಿದೆ:
ಇನ್ನೂರ ಮೂವತ್ತು ವರ್ಷ.
ಆಮೇಲೆ ಗೋಡೆಯೂ ಇಲ್ಲ, ಹೊಂಡವೂ ಇಲ್ಲ,
ರಸ್ತೆಗೇ ಅಲೆ.

ಹೇಳದೆ ಇರಲಾಗಲಿಲ್ಲ. ಹೇಳಿದ್ದು ಯೂಲಲೀಗೆ.
ಅವಳು ಒಲೆಗೆ ಸೌದೆ ಇಟ್ಟಳು, ಬಿದ್ದ ಮರದ್ದು,
ಊದಿದಳು, ಹೊಗೆಗೆ ಕಣ್ಣು ಕಿರಿದು ಮಾಡಿ ಅಂದಳು:
ಕಡಲು ತನ್ನ ಸರದಿಯಲ್ಲಿ ನಿಂತಿದೆ, ನಿಲ್ಲಲಿ.
ನಡುವೆ ಯಾರೂ ನುಗ್ಗದಿದ್ದರೆ ಸಾಕು.

ಸಂಜೆ ಮತ್ತೆ ಹೋದೆ, ಮರೆತ ಟೇಪು ತರಲೆಂದು.
ದಿಬ್ಬದ ತುದಿಗೆ ಒಂದು ಸ್ಪ್ರೂಸ್,
ಅರ್ಧ ಬೇರು ಮಣ್ಣಲ್ಲಿ, ಅರ್ಧ ಬೇರು ಗಾಳಿಯಲ್ಲಿ,
ಕೊಂಬೆಗೆ ಜೋತ ಹಸಿರುಬೂದಿ ಹಾವಸೆ
ಮಂಜನ್ನು ಕುಡಿಯುತ್ತಿತ್ತು.
ಒಳಗೋ ಹೊರಗೋ?
ಬರುವ ಚಳಿಗಾಲದ ತನಕವಾದರೂ ಬಾಳೀತೋ ಇಲ್ಲವೋ.

ಒಳಗೆ, ಎಂದು ಗುರುತು ಹಾಕಿದೆ.
ಅದರ ಬುಡದಲ್ಲೇ ಕೂತು ಬ್ರೆಡ್ಡು ತಿಂದೆ.
ಕಾಲು ಕೆಳಗೆ ಇಳಿಬಿಟ್ಟು, ಚಕ್ಕುಬಂದಿಯ ಆಚೆಗೆ.