ತನ್ನ ಪಾಲಿನ ಬಣ್ಣ

ಕಡಲ ತಳಕ್ಕೂ ಕೆಳಗೆ, ಜೊಂಗುಲ್ದಾಕಿನ ಗಣಿಯಲ್ಲಿ
ಗುಲ್ದಾನೆ ಗಾಜಿನ ಎಳೆಯೊಂದನ್ನು ಗೋಡೆಗುಂಟ ಹಾಯಿಸುತ್ತಿದ್ದಾಳೆ.
ಬೆಸುಗೆಯೆಲ್ಲ ಮೇಲೆಯೇ ಮುಗಿದಿದೆ;
ಇಲ್ಲಿ ಕಿಡಿ ಕೂಡದು.
ಕೂದಲಷ್ಟು ತೆಳು, ನಟ್ಟನಡುವೆ ಟೊಳ್ಳು,
ಮೈತುಂಬ ಕಣ್ಣಿಗೆ ಕಾಣದ ತೂತು,
ಗಾಳಿ ಒಳಗೆ ಬರಲಿ ಅಂತ.

ಟೀ ಫ್ಲಾಸ್ಕಿನ ಪಕ್ಕ ಕೂತು ನೋಡುತ್ತಾನೆ ಸಾತಿಲ್ಮಿಶ್ ಉಸ್ತಾ.
ಅವನ ಹೆಸರಿನ ಅರ್ಥ ‘ಮಾರಿಬಿಟ್ಟವನು’.
ಮೂರು ಕೂಸು ಸತ್ತ ಮೇಲೆ ಹುಟ್ಟಿದವನನ್ನು
ನಮ್ಮದಲ್ಲ, ಮಾರಿದ್ದೇವೆ ಎಂದು
ಸಾವಿಗೆ ಸುಳ್ಳು ಹೇಳಿದ್ದಳು ತಾಯಿ.
ಐವತ್ತೊಂದು ವರ್ಷ ನಡೆದಿದೆ ಆ ಸುಳ್ಳು.

“ಇದಕ್ಕೆ ಮೂಗಿದೆಯಾ ಮಗಳೇ?”
“ಮೂಗಿಲ್ಲ. ಬೆಳಕಿದೆ.
ಒಂದೊಂದು ಅನಿಲಕ್ಕೂ ಒಂದೊಂದು ಬಣ್ಣದ ಹಸಿವು.
ಗ್ರಿಜು ಬಂದರೆ ತನ್ನ ಪಾಲಿನದನ್ನಷ್ಟೇ ತಿಂದು
ಮಿಕ್ಕಿದ್ದನ್ನು ಮುಟ್ಟದೆ ಬಿಡುತ್ತದೆ.
ತಟ್ಟೆಯಲ್ಲಿ ಏನು ಖಾಲಿಯಾಗಿದೆ ನೋಡಿದರೆ
ಉಂಡವರು ಯಾರೆಂದು ಗೊತ್ತಾಗುತ್ತದಲ್ಲ, ಹಾಗೆ.”

ಗ್ರಿಜು: ಗಣಿಯವರ ಬಾಯಲ್ಲಿ ಮೀಥೇನಿನ ಹೆಸರು.
ಮೆಲ್ಲಗೆ ಹೇಳುವ ಹೆಸರು.

ಹಳೆಯ ಪೆಟ್ಟಿಗೆ ನೆನಪಾಗಿ ಅವನು ನಕ್ಕ.
ಹಬ್ಬದ ಮರುದಿನ ಯಾರೋ
ಅಂಗೈಗೆ ನಿಂಬೆ ಕೊಲೋನ್ ಸುರಿದುಕೊಂಡು ಇಳಿದಿದ್ದಕ್ಕೆ
ಮನೆ ಮುಳುಗಿದವರಂತೆ ಬಾಯಿಬಡಿದುಕೊಂಡಿತ್ತು ಅದು.
ಸ್ಪಿರಿಟ್ಟಿಗೂ ಅದೇ ಕೂಗು, ಪೇಂಟಿನ ಡಬ್ಬಕ್ಕೂ ಅದೇ.
ನಾಲ್ಕನೆಯ ಸಲ ಯಾರೂ ಸನಿಕೆ ಕೆಳಗಿಡಲಿಲ್ಲ.
ಆರನೆಯ ಸಲ

ಇಲ್ಲಿ ಉಸ್ತಾ ಟೀ ಕುಡಿಯುತ್ತಾನೆ.

ನವೆಂಬರಿನ ಒಂದು ಗುರುವಾರ, ರಾತ್ರಿ ಪಾಳಿ.
ಡೀಸೆಲ್ ಹೊಗೆ, ಬೆವರು, ಯಾರದೋ ಈರುಳ್ಳಿ ಬುತ್ತಿ
ಎಲ್ಲವನ್ನೂ ಎಳೆ ಒಳಗೆ ಬಿಟ್ಟುಕೊಂಡಿತು, ಏನೂ ಅನ್ನಲಿಲ್ಲ.
ಎರಡೂ ಇಪ್ಪತ್ತಕ್ಕೆ, ಮೇಲಿನ ಪರದೆಯಲ್ಲಿ,
ಬೆಳಕಿನ ಗೆರೆ ಒಂದೇ ಕಡೆ ತಗ್ಗಿತು,
ಹಲ್ಲು ಬಿದ್ದ ಮಗುವಿನ ನಗೆಯಲ್ಲಿ
ಒಂದೇ ಸಂದಿ ಇರುವಂತೆ.
ಒಂದೂವರೆ. ಒಂದೂ ಮುಕ್ಕಾಲು.
“ಬಿಟ್ಟು ಬನ್ನಿ,” ಅಂದಳು ಗುಲ್ದಾನೆ ಫೋನಿನಲ್ಲಿ.
ಕಿರುಚಲಿಲ್ಲ.
ಮೂವತ್ತೆಂಟು ಜನ ಸನಿಕೆ ಕೆಳಗಿಟ್ಟರು.

ಆಮೇಲೆ ಏನೂ ಆಗಲಿಲ್ಲ.
ಫ್ಯಾನು ತಿರುಗಿತು. ಗಾಳಿ ತಿಳಿಯಾಯಿತು.
ಪೇಪರಿನಲ್ಲಿ ಬರಲಿಲ್ಲ.
ಅರ್ಧ ಪಾಳಿಯ ಸಂಬಳ ಕಡಿತ.

ಬೆಳಗ್ಗೆ ಉಸ್ತಾ ಕೇಳಿದ: “ವಾಸನೆ ಹೇಗಿತ್ತಂತೆ?
ನಮ್ಮಪ್ಪ ಸೇಬಿನ ವಾಸನೆ ಅನ್ನುತ್ತಿದ್ದ.”
“ಅದಕ್ಕೆ ವಾಸನೆಯೇ ಇಲ್ಲ, ಉಸ್ತಾ.”
ಬಹಳ ಹೊತ್ತು ಸುಮ್ಮನಿದ್ದ.
ಹಾಗಾದರೆ ಅಪ್ಪ ಮೂಸಿದ್ದು ಏನನ್ನು?

ಅವಳು ಡ್ರಾಯರಿನಿಂದ ಕೊಲೋನ್ ತೆಗೆದು
ಅವನ ಅಂಗೈಗೆ ಸುರಿದಳು.
ಕಲ್ಲಿದ್ದಲು ಕೂತ ಗೆರೆಗಳೊಳಗೆ ಚುರುಗುಟ್ಟಿತು.
ನಿಂಬೆ ಘಮಿಸುವ ಅದೇ ಕೈಯಲ್ಲಿ
ಅವನು ಪಾಳಿಗೆ ಇಳಿದ.

ಗೆರೆ ಅಲುಗಲಿಲ್ಲ.